ವಿಮೆಯ ವಚನಕ್ಕೆ ಮೂಲಧನದ ಆಧಾರ
(ಉಪಾಧ್ಯಾಯರೂ ನಾಗರಿಕರೂ ನೆರೆದ ಸಭೆಯಲ್ಲಿ ಮಾಡಿದ ಭಾಷಣ)



ಅಂಗಡಿಯಲ್ಲಿ ಬಟ್ಟೆಯನ್ನು ಕೊಳ್ಳುವವನು ಹಣವನ್ನು ಕೊಟ್ಟೊಡನೆ ಬಟ್ಟೆಯನ್ನು ಪಡೆಯುತ್ತಾನೆ. ವಿಮೆಯನ್ನು ಮಾಡಿಸುವವನಾದರೋ ಇಂದು ಹಣವನ್ನು ಕೊಟ್ಟು, ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ನೆರವೇರಬೇಕಾದ ಒಂದು ವಚನವನ್ನು ಪಡೆಯುತ್ತಾನೆ. ಆ ವಚನವನ್ನು ನಡೆಯಿಸಿರೆಂದು ಕೇಳಲು ಬರುವವಳು ಅನೇಕ ವೇಳೆ ಅವನ ವಿಧವೆ. ಆದುದರಿಂದ ಕಂತು ಎಷ್ಟೆಂದು ಕೇಳುವ ಮೊದಲು, ವಚನದ ಬೆನ್ನಿಗೆ ಸಂಸ್ಥೆಯ ಸ್ವಂತ ಹಣವೆಷ್ಟಿದೆಯೆಂದು ನಾವು ಕೇಳುವುದು ಯುಕ್ತ.

ಸಣ್ಣದೊಂದು ಲೆಕ್ಕವನ್ನು ಮಾಡಿ ನೋಡೋಣ. ಸಾವಿರ ಮನೆಗಳಿಗೆ ತಲಾ ಸಾವಿರ ರೂಪಾಯಿಯ ಬೆಂಕಿವಿಮೆ ಇದೆಯೆನ್ನಿ. ವರ್ಷಕ್ಕೆ ನೂರರಲ್ಲೊಂದು ಮನೆ ಸುಡುವುದು ವಾಡಿಕೆಯಾದರೆ, ಸಂಸ್ಥೆಯು ತೆರಬೇಕಾದುದು 10,000 ರೂಪಾಯಿ. ಮನೆಗೆ 12 ರೂಪಾಯಿಯಂತೆ ಕಂತನ್ನು ಎತ್ತಿದರೆ 12,000 ಬಂದು, 2,000 ಉಳಿಯುತ್ತದೆ. ಆದರೆ ಬೆಂಕಿಯು ವಾಡಿಕೆಗೆ ಕಟ್ಟುಬಿದ್ದುದಲ್ಲ. ಒಂದು ವರ್ಷ 25 ಮನೆಗಳು ಸುಟ್ಟರೆ 13,000 ರೂಪಾಯಿ ಕೊರತೆ! ಇದನ್ನು ತುಂಬಲು ಇರುವುದೇ ಮೂಲಧನ. ಲಾಭವನ್ನು ಉಣ್ಣುವ ಪಾಲುದಾರರು ನಷ್ಟವನ್ನು ಮೊದಲು ತಾವೇ ಉಣ್ಣಬೇಕೆಂಬುದೇ ಇದರ ಧರ್ಮ.

ಇನ್ನು, ಸಾವಿರ ಮನೆಗಳೂ ಒಂದೇ ಪೇಟೆಯಲ್ಲಿದ್ದರೆ? 1835ರ ದಿಸೆಂಬರದಲ್ಲಿ ನ್ಯೂಯಾರ್ಕ ನಗರದ ವ್ಯಾಪಾರದ ಪೇಟೆಯು ಉರಿದುಹೋದಾಗ, ಆ ನಗರದ 26 ಬೆಂಕಿವಿಮಾ ಕಂಪನಿಗಳಲ್ಲಿ 23 ದಿವಾಳಿಯೆದ್ದವು. ಅಪಾಯವನ್ನು ಹಲವು ಊರುಗಳಲ್ಲಿ ಹಂಚಬೇಕು. ತನ್ನ ಶಕ್ತಿಗೆ ಮೀರಿದ ಭಾಗವನ್ನು ಬೇರೊಂದು ಸಂಸ್ಥೆಯಲ್ಲಿ ಪುನರ್ವಿಮೆ ಮಾಡಿಸಬೇಕು. ಇವೆರಡನ್ನೂ ಮಾಡಿದ ಮೇಲೆಯೂ ಉಳಿಯುವ ಅಪಾಯಕ್ಕೆ ತಕ್ಕಷ್ಟು ಹಣವನ್ನು ಕೈಯಲ್ಲಿಡಬೇಕು.

ನಮ್ಮ ದೇಶದ ಅನುಭವವೂ ಇದನ್ನೇ ಕಲಿಸಿತು. ಸ್ವದೇಶೀ ಚಳವಳಿಯ ಕಾಲದಲ್ಲಿ ನಮ್ಮವರು ಹಲವು ವಿಮಾ ಕಂಪನಿಗಳನ್ನು ಸ್ಥಾಪಿಸಿದರು. ಉದ್ದೇಶವು ಸ್ತುತ್ಯವಾದುದು, ಆದರೆ ದೇಶಾಭಿಮಾನವು ಮೂಲಧನದ ಕೆಲಸವನ್ನು ಮಾಡಲಾರದು. ಬಂಡವಾಳವಿಲ್ಲದ ಸಂಸ್ಥೆಗಳು ಮುಳುಗಿದಾಗ, ಬಡವನು ಕಟ್ಟಿದ ಕಂತುಗಳೂ ಅವುಗಳೊಡನೆ ಮುಳುಗಿದವು. 1912ರಲ್ಲಿ ಜೀವವಿಮೆಗೆ ಮೊದಲ ಕಾನೂನು ಬಂತು. 1938ರ ಕಾನೂನು ಎಲ್ಲ ಬಗೆಯ ವಿಮೆಯನ್ನೂ ಹತೋಟಿಗೆ ತಂದು, ಸರಕಾರದಲ್ಲಿ ಠೇವಣಿಯನ್ನಿಡುವುದನ್ನೂ ಹಣವನ್ನು ಹೂಡುವ ರೀತಿಯನ್ನೂ ಗೊತ್ತುಪಡಿಸಿತು.

ಹಣವಿದ್ದರೆ ಸಾಲದು, ಅದು ನಿಜವಾಗಿ ಇದೆಯೆಂಬುದನ್ನು ನೋಡುವ ಕಣ್ಣೂ ಬೇಕು. 1955ರ ದಿಸೆಂಬರದಲ್ಲಿ ಫಿರೋಜ ಗಾಂಧಿಯವರು ಲೋಕಸಭೆಯಲ್ಲಿ ವಿಮಾ ನಿಧಿಗಳ ದುರುಪಯೋಗವನ್ನು ಬಯಲಿಗೆಳೆದರು. ಮರುತಿಂಗಳೇ ಸರಕಾರವು ಜೀವವಿಮೆಯ ಆಡಳಿತವನ್ನು ಕೈಗೆ ತೆಗೆದುಕೊಂಡಿತು. 245 ಸಂಸ್ಥೆಗಳು ಒಂದುಗೂಡಿ, 1956ರ ಸೆಪ್ಟೆಂಬರ 1ರಂದು ಜೀವವಿಮಾ ನಿಗಮವು ಹುಟ್ಟಿತು. ಅದಾದ ಎರಡೇ ತಿಂಗಳಿಗೆ, ನವೆಂಬರ 1ರಂದು, ಹರಿದು ಹಂಚಿಹೋಗಿದ್ದ ನಮ್ಮ ಕನ್ನಡನಾಡೂ ಒಂದಾಯಿತು. ಚದರಿದುದು ಕೂಡಿದರೆ ಬಲವೆಂಬ ತತ್ತ್ವವು ನಾಡಿಗೆ ಹೇಗೋ ವಿಮೆಗೂ ಹಾಗೆಯೇ. ಒಂದೂರಿನ ಸಂಕಟವನ್ನು ನೂರೂರುಗಳು ಹೊರುವುದರಲ್ಲಿಯೇ ಎರಡರ ಅರ್ಥವೂ ಇದೆ.

1999ರ ಕಾನೂನಿನಿಂದ ಖಾಸಗಿ ಸಂಸ್ಥೆಗಳಿಗೆ ಮತ್ತೆ ಬಾಗಿಲು ತೆರೆಯಿತು. ಆಗ ಜೀವವಿಮೆಗೂ ಸಾಮಾನ್ಯ ವಿಮೆಗೂ 100 ಕೋಟಿ ರೂಪಾಯಿ, ಪುನರ್ವಿಮೆಗೆ 200 ಕೋಟಿ ರೂಪಾಯಿ ಕನಿಷ್ಠ ಮೂಲಧನವೆಂದು ನಿಶ್ಚಯವಾಯಿತು. ಇದು ಹೊಸ್ತಿಲನ್ನು ದಾಟುವ ಹಣ ಮಾತ್ರ. ವ್ಯವಹಾರವು ಬೆಳೆದಂತೆ ಹೊಣೆಗಿಂತ ಅಧಿಕವಾಗಿ ಇರಬೇಕಾದ ಆಸ್ತಿಯೂ ಬೆಳೆಯಬೇಕು. ಹೀಗೆ ಇರಲೇಬೇಕೆಂದು ಲೆಕ್ಕಹಾಕಿದ ಮೊತ್ತದ ಒಂದೂವರೆ ಪಟ್ಟು ಕೈಯಲ್ಲಿರಬೇಕೆಂಬುದು ನಿಯಂತ್ರಣ ಪ್ರಾಧಿಕಾರದ ಕಟ್ಟಳೆ. ಯುರೋಪಿನ ಒಕ್ಕೂಟವು 2016ರಿಂದ ಇನ್ನೊಂದು ಮಾರ್ಗವನ್ನು ಹಿಡಿಯಿತು: ಸಂಸ್ಥೆಯು ಹೊತ್ತ ಅಪಾಯಗಳನ್ನೇ ತೂಗಿ, ಇನ್ನೂರು ವರ್ಷಕ್ಕೊಮ್ಮೆ ಬರಬಹುದಾದ ನಷ್ಟವನ್ನೂ ತಾಳುವಷ್ಟು ಬಂಡವಾಳವನ್ನು ಬೇಡುವುದು.

ಹೆಚ್ಚು ಮೂಲಧನವನ್ನು ಬೇಡಿದರೆ ಕಂತು ಏರುವುದೆಂದೂ ಸಣ್ಣ ಸಂಸ್ಥೆಗಳು ತಲೆಯೆತ್ತಲಾರವೆಂದೂ ಕೆಲವರ ಆಕ್ಷೇಪ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅಗ್ಗವಾಗಿ ದೊರೆತು, ಬೇಕಾದಾಗ ಕೈಕೊಡುವ ವಿಮೆಗಿಂತ ತುಟ್ಟಿಯಾದುದು ಬೇರಾವುದಿದೆ?

ಉಪಾಧ್ಯಾಯ ಮಿತ್ರರೇ, ಊರಿನ ಜನರು ಕಾಗದಪತ್ರಗಳನ್ನು ಓದಿಸಿಕೊಳ್ಳಲು ನಿಮ್ಮೆಡೆಗೆ ಬರುತ್ತಾರೆ. ಮೂಲಧನದ ಈ ಪ್ರಮಾಣವನ್ನು ವಿಮಾ ಸಂಸ್ಥೆಗಳು ಪ್ರಕಟಪಡಿಸಲೇಬೇಕು. ಏಜಂಟನ ಸವಿಮಾತಿಗೆ ಮೊದಲು ಆ ಅಂಕಿಯನ್ನು ಕೇಳಲು ಅವರಿಗೆ ಕಲಿಸಿರಿ. ಕೇಳುವ ಜನರಿರುವಲ್ಲಿ ಮಾತ್ರವೇ ಕೊಟ್ಟ ಮಾತು ನಡೆಯುವುದು.