ಏಣಿಯ ಯಾವ ಮೆಟ್ಟಿಲಲ್ಲಿದ್ದೀರಿ?

(ಬೆಳ್ಮಣ್‌ನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಇವತ್ತು ನಾವು ಸುಖದ ಲೆಕ್ಕದ ಬಗ್ಗೆ ಮಾತಾಡೋಣ ಅಂತಿದ್ದೇವೆ. ಸ್ಕಾಲರ್‌ಶಿಪ್ ಇನ್ನೂ ಬಂದಿಲ್ಲ, ಸಾರಿನಲ್ಲಿ ಬೇಳೆ ಹುಡುಕಬೇಕು, ಇವರು ನೋಡಿದರೆ ಸುಖದ ಮಾತು ತೆಗೆದರಲ್ಲ ಅಂತ ನಗಬೇಡಿ. ಈ ಲೆಕ್ಕವನ್ನು ಜಗತ್ತಿನ ದೊಡ್ಡ ದೊಡ್ಡ ಪಂಡಿತರು ಮಾಡುತ್ತಿದ್ದಾರೆ. ಅದರಲ್ಲಿ ನಮ್ಮ ತಲೆಗಳೂ ಎಣಿಕೆಗೆ ಸೇರಿವೆ. ಹಾಗಿದ್ದ ಮೇಲೆ ನಾವೂ ಅದನ್ನು ಪರೀಕ್ಷೆ ಮಾಡಬೇಕಲ್ಲವೇ?

ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1965ರಲ್ಲಿ ತಂದ ಪುಸ್ತಕದಲ್ಲಿ ಒಂದು ಏಣಿ ಇದೆ. ತಳದಲ್ಲಿ ಸೊನ್ನೆ, ತುದಿಯಲ್ಲಿ ಹತ್ತು. ನಿಮಗೆ ಸಾಧ್ಯವಿರುವ ಅತ್ಯಂತ ಒಳ್ಳೆಯ ಬದುಕು ಹತ್ತು, ಅತ್ಯಂತ ಕೆಟ್ಟ ಬದುಕು ಸೊನ್ನೆ. ಈಗ ನೀವು ಯಾವ ಮೆಟ್ಟಿಲಲ್ಲಿ ನಿಂತಿದ್ದೀರಿ? ಇಷ್ಟೇ ಪ್ರಶ್ನೆ. 2012ರಿಂದ ಬರುತ್ತಿರುವ ವಿಶ್ವ ಸಂತೋಷ ವರದಿ ಇದೇ ಏಣಿಗೆ ದೇಶಗಳನ್ನು ಹತ್ತಿಸಿ ಇಳಿಸುತ್ತದೆ. 2018ರಿಂದ 2025ರವರೆಗೆ ಪ್ರತಿ ವರ್ಷವೂ ಫಿನ್ಲೆಂಡ್ ಮೊದಲು. 2025ರ ವರದಿಯಲ್ಲಿ 147 ದೇಶಗಳ ಪೈಕಿ ಭಾರತ 118ನೆಯದು.

ಬಡ ದೇಶ, ಅದಕ್ಕೇ ಕೆಳಗಿದೆ ಅಂತ ನೀವು ಹೇಳಬಹುದು. ಅರ್ಧ ನಿಜ. ಹೊಟ್ಟೆಗಿಲ್ಲದ ದೇಶಗಳು ಈ ಪಟ್ಟಿಯ ತಳದಲ್ಲೇ ಇವೆ. ಬಡತನದಲ್ಲಿ ಸುಖ ಇದೆ ಅನ್ನೋ ವೇದಾಂತ ಉಂಡವರ ವೇದಾಂತ, ಅದನ್ನು ನಾವು ನಂಬುವುದು ಬೇಡ. ಆದರೆ ಅದೇ ವರದಿ ನೋಡಿ: ತಲಾ ಆದಾಯದಲ್ಲಿ ನಮಗಿಂತ ಬಡವಾದ ನೇಪಾಳ 92ರಲ್ಲಿದೆ. ಕೋಸ್ಟಾ ರಿಕಾ 6ರಲ್ಲಿ, ಅದಕ್ಕಿಂತ ಎಷ್ಟೋ ಪಾಲು ಶ್ರೀಮಂತವಾದ ಅಮೆರಿಕ 24ರಲ್ಲಿ. ಅಂದರೆ ದುಡ್ಡಿನ ಜೊತೆ ಬೇರೇನೋ ಇದೆ. ಕಷ್ಟ ಬಂದರೆ ಆಗುವವರು ಇದ್ದಾರಾ, ಬದುಕನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಇದೆಯಾ ಎಂಬುದನ್ನೂ ವರದಿಯವರು ಲೆಕ್ಕಕ್ಕೆ ಹಿಡಿಯುತ್ತಾರೆ.

ಈ 'ಬೇರೇನೋ' ಏನು? ಒಂದು ತಟ್ಟೆ ಅನ್ನದಿಂದ ಹೇಳೋಣ. ಫಿನ್ಲೆಂಡ್ ಯುದ್ಧದಲ್ಲಿ ಸೋತು, ಸೋವಿಯತ್ ರಷ್ಯಾಕ್ಕೆ ಪರಿಹಾರ ಕಟ್ಟುತ್ತಾ ಬಸವಳಿದಿದ್ದ ಕಾಲ. ಆಗ, 1948ರಿಂದ, ಶಾಲೆಯ ಎಲ್ಲ ಮಕ್ಕಳಿಗೂ ಬಿಟ್ಟಿ ಊಟ ಕೊಡಲು ಶುರು ಮಾಡಿತು. ಧಣಿಯ ಮಗನಿಗೂ ಕೂಲಿಯ ಮಗಳಿಗೂ ಅದೇ ಊಟ. ಮೊದಲು ಸಾಹುಕಾರನಾಗಿ ಆಮೇಲೆ ಸಮಾನತೆ ಅಂತ ಅದು ಕಾಯಲಿಲ್ಲ.

ನಮ್ಮಲ್ಲೂ ಬಿಸಿಯೂಟ ಬಂದಿದೆ, ಒಳ್ಳೆಯದೇ. ಆದರೆ 2021ರಲ್ಲಿ ಉತ್ತರಾಖಂಡದ ಚಂಪಾವತ್ ಜಿಲ್ಲೆಯ ಒಂದು ಶಾಲೆಯಲ್ಲಿ ದಲಿತ ಹೆಂಗಸು ಅಡುಗೆ ಮಾಡಿದಳು ಅಂತ ಮೇಲ್ಜಾತಿ ಮಕ್ಕಳು ಊಟ ಬಿಟ್ಟರು. ಕೆಲಸ ಹೋದದ್ದು ಅಡುಗೆಯವಳದ್ದು! ಅನ್ನ ಇತ್ತು. ಒಟ್ಟಿಗೆ ಉಣ್ಣುವ ಮನಸ್ಸು ಇರಲಿಲ್ಲ.

ರೊನಾಲ್ಡ್ ಇಂಗ್ಲ್‌ಹಾರ್ಟ್ ಎಂಬ ವಿದ್ವಾಂಸರು 1981ರಿಂದ ದೇಶ ದೇಶಗಳಲ್ಲಿ ಜನರ ಮೌಲ್ಯಗಳ ಸಮೀಕ್ಷೆ ನಡೆಸುತ್ತಾ ಬಂದರು. ಹೊಟ್ಟೆ ತುಂಬಿ ಜೀವಕ್ಕೆ ಭದ್ರತೆ ಬಂದರೆ ಜನರ ಮನಸ್ಸು ಅಗಲವಾಗುತ್ತದೆ ಎಂಬುದು ಅವರ ವಾದ. ಎಂಥವರು ನಿಮ್ಮ ನೆರೆಮನೆಯಲ್ಲಿ ಇರಬಾರದು ಎಂಬ ಪ್ರಶ್ನೆಯೂ ಆ ಸಮೀಕ್ಷೆಯಲ್ಲಿದೆ. ಒಳ್ಳೆಯ ಪ್ರಶ್ನೆ. ಅವರ ವಾದವನ್ನು ನಮ್ಮ ಜಿಲ್ಲೆಯ ಮೇಲೆ ಇಟ್ಟು ನೋಡೋಣ.

ನಮ್ಮದು ಬಡ ಜಿಲ್ಲೆಯೇ? ಅಲ್ಲ. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಹುಟ್ಟಿದ್ದು ಉಡುಪಿಯಲ್ಲಿ. 2020ರಲ್ಲಿ ಅವು ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು, ಆದರೆ ಅವು ಬೆಳೆಸಿದ ಸಂಪತ್ತು ಇಲ್ಲೇ ಕಾಣುತ್ತದೆ. ಮುಂಬಯಿಯ ಹೋಟೆಲಿನ ದುಡ್ಡು, ಗಲ್ಫಿನ ದುಡ್ಡು, ಮಣಿಪಾಲದ ಕಾಲೇಜುಗಳ ದುಡ್ಡು ಎಲ್ಲವೂ ಇದೆ. ಇಂಥ ಕರಾವಳಿಯಲ್ಲೇ ಅಜಲು ಇತ್ತು. ಯಾರದೋ ಕಾಯಿಲೆ ದಾಟಿ ಹೋಗಲಿ ಅಂತ ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ಉಣ್ಣಿಸುವುದು. ಕೋಣ ಓಡುವ ಮೊದಲು ಕಂಬಳಗದ್ದೆಯಲ್ಲಿ ಕೊರಗರನ್ನು ಓಡಿಸುವುದು. ಇದನ್ನು ನಿಲ್ಲಿಸಲು 2000ದಲ್ಲಿ ಕಾನೂನೇ ತರಬೇಕಾಯಿತು. ಬ್ಯಾಂಕು ಬಂದು ತೊಂಬತ್ತು ವರ್ಷ ದಾಟಿತ್ತು ಗೆಳೆಯರೇ!

ಕೇಳಿದರೆ ಧಣಿಗಳು ಏನಂತಿದ್ದರು? 'ಅವರು ಖುಷಿಯಿಂದಲೇ ಮಾಡ್ತಾರೆ, ಅದು ಕಟ್ಟುಕಟ್ಟಳೆ.' ಸಂತೃಪ್ತಿಯ ಲೆಕ್ಕದ ಅಪಾಯ ಇಲ್ಲೇ ಇರುವುದು. ಸಹಿಸಿ ಸಹಿಸಿ ರೂಢಿಯಾದವನು ಎಷ್ಟು ಅಂಕ ಹೇಳುತ್ತಾನೆ? 1944ರಲ್ಲಿ, ಬಂಗಾಳದ ಮಹಾ ಬರಗಾಲದ ಮರುವರ್ಷ, ಕಲ್ಕತ್ತದ ಹತ್ತಿರದ ಸಿಂಗೂರಿನಲ್ಲಿ ಒಂದು ಸಮೀಕ್ಷೆ ಆಯಿತು. ನಿಮ್ಮ ಆರೋಗ್ಯ ಹೇಗಿದೆ? ವಿಧುರರಲ್ಲಿ ನೂರಕ್ಕೆ 48.5 ಮಂದಿ ಚೆನ್ನಾಗಿಲ್ಲ ಎಂದರು. ವಿಧವೆಯರಲ್ಲಿ ಹಾಗೆ ಹೇಳಿದವರು ನೂರಕ್ಕೆ ಬರೀ 2.5. ವಿಧವೆಯರು ಹೆಚ್ಚು ಗಟ್ಟಿಯಾಗಿದ್ದರೇ? ಇಲ್ಲ. ನೋವನ್ನು ನೋವು ಅಂತ ಹೇಳುವ ಹಕ್ಕೇ ಅವರಿಗೆ ಇರಲಿಲ್ಲ. ಅಮರ್ತ್ಯ ಸೇನ್ ಈ ಲೆಕ್ಕವನ್ನು ಮತ್ತೆ ಮತ್ತೆ ನೆನಪಿಸಿದ್ದಾರೆ. ನಮ್ಮ ಅಜ್ಜಿಯಂದಿರನ್ನು ಕೇಳಿ ನೋಡಿ, ಸೊಂಟ ಬಿದ್ದು ಹೋಗಿದ್ದರೂ 'ಉಷಾರ್ ಉಲ್ಲೆ' ಅಂತಾರೆ. ಆ ಉತ್ತರವನ್ನು ಬರೆದುಕೊಂಡು ಹೋದವನಿಗೆ ಆ ಸೊಂಟ ಕಾಣುವುದಿಲ್ಲ.

ಇನ್ನು ಏಣಿಯ ಮಾತಿಗೆ ಬರೋಣ. ಅಂಬೇಡ್ಕರ್ 1920ರ ಜನವರಿ 31ರಂದು 'ಮೂಕನಾಯಕ'ದ ಮೊದಲ ಸಂಚಿಕೆಯಲ್ಲಿ ಹಿಂದೂ ಸಮಾಜವನ್ನು ಒಂದು ಗೋಪುರಕ್ಕೆ ಹೋಲಿಸಿದರು. ಅಂತಸ್ತಿನ ಮೇಲೆ ಅಂತಸ್ತು, ಆದರೆ ಹತ್ತಲು ಏಣಿಯೇ ಇಲ್ಲ. ಹುಟ್ಟಿದ ಅಂತಸ್ತಿನಲ್ಲೇ ಸಾಯಬೇಕು. ಕ್ಯಾಂಟ್ರಿಲ್ ಏಣಿ ಹಿಡಿದು ಬರುವುದಕ್ಕೆ ನಲವತ್ತೈದು ವರ್ಷ ಮೊದಲೇ ಅದಕ್ಕೆ ಉತ್ತರ ಬಂದಿತ್ತು. ಏಣಿ ಇಲ್ಲದ ಮನೆಯಲ್ಲಿ ಯಾವ ಮೆಟ್ಟಿಲು ಅಂತ ಹೇಳುವುದು?

ಹಾಗಂತ ಈ ಸಮೀಕ್ಷೆಗಳನ್ನು ನಾವು ಬಿಸಾಡಬೇಕಾಗಿಲ್ಲ. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 27 ಮನೆಯವರು ತಾವು ಅಸ್ಪೃಶ್ಯತೆ ಆಚರಿಸುತ್ತೇವೆ ಅಂತ ತಾವೇ ಒಪ್ಪಿಕೊಂಡರು. ಸರಿಯಾದ ಪ್ರಶ್ನೆ ಕೇಳಿದರೆ ಸತ್ಯ ಹೊರಗೆ ಬರುತ್ತದೆ. ಕೇಳುವವರು ನಾವೂ ಆಗಬೇಕು, ಅಷ್ಟೆ.

ಹೀಗೆ ಮಾಡಿ. ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ಹಿಡಿದುಕೊಳ್ಳಿ. ನೀವು ಸುಖವಾಗಿದ್ದೀರಾ ಅಂತ ಕೇಳಬೇಡಿ. ಯಾರ ಮನೆಯ ಜಗಲಿ ದಾಟಿ ಒಳಗೆ ಹೋಗಬಹುದು? ಮದುವೆಯಲ್ಲಿ ಯಾವ ಪಂಕ್ತಿಯಲ್ಲಿ ಕೂರಿಸುತ್ತಾರೆ? ರಾತ್ರಿ ಹೆರಿಗೆ ನೋವು ಬಂದರೆ ಯಾರ ಜೀಪು ಬರುತ್ತದೆ? ಪೇಟೆಯಲ್ಲಿ ಬಾಡಿಗೆಗೆ ಮನೆ ಕೇಳಿದಾಗ ಮೊದಲು ಏನು ವಿಚಾರಿಸುತ್ತಾರೆ? ಉತ್ತರ ಬರೆದು ತನ್ನಿ. ನಿಮ್ಮ ಅತೃಪ್ತಿಗೆ ನಾಚಬೇಡಿ, ಯಾರಾದರೂ 'ಇಷ್ಟು ಸಿಕ್ಕಿದೆಯಲ್ಲ, ಸಾಲದೇ' ಅಂದರೆ ಈ ನೋಟ್‌ಬುಕ್ ತೆಗೆದು ತೋರಿಸಿ. ಮುಂದಿನ ಸಭೆಯಲ್ಲಿ ಅದನ್ನು ಓದಿಕೊಂಡೇ ನಾವು ಮಾತು ಶುರು ಮಾಡೋಣ.