ಕಾರಿಗೂ ಚಳಿಯಾಗುತ್ತದೆಯೇ?

"ಅಜ್ಜ, ಕಾರಿಗೆ ಚಳಿಯಾಗ್ತಿದೆ!"

ಮೇ ತಿಂಗಳ ಮಧ್ಯಾಹ್ನ. ರೈಲ್ವೆ ಗೇಟು ಹಾಕಿತ್ತು. ಹೊರಗೆ ಕಾದ ಕಾವಲಿಯಂಥ ಬಿಸಿಲು. ಎ.ಸಿ. ಹಾಕಿಕೊಂಡು ರೈಲಿನ ದಾರಿ ಕಾಯುತ್ತಿದ್ದೆವು. ಮೊಮ್ಮಗಳು ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು ತೋರಿಸಿದಳು. ನೀರಿನ ಮೇಲೆ ಪುಟ್ಟ ಪುಟ್ಟ ಬಳೆಗಳಂಥ ಅಲೆ. ಎ.ಸಿ. ಆರಿಸಿದೆ, ಅಲೆ ಅಡಗಿತು. ಮತ್ತೆ ಹಾಕಿದೆ, ನೀರು ನಡುಗಿತು. ತಣ್ಣೀರು ಮೈಮೇಲೆ ಬಿದ್ದರೆ ನಮ್ಮ ಹಲ್ಲು ಕಟಕಟ ಅನ್ನುವುದಿಲ್ಲವೇ? ಕಾರಿನದೂ ಅದೇ ಕಥೆ ಎಂದು ಅವಳು ತೀರ್ಮಾನ ಮಾಡಿಬಿಟ್ಟಳು.

ಅವಳ ತೀರ್ಮಾನ ಸರಿಯೋ ಅಲ್ಲವೋ ಆಮೇಲೆ ನೋಡೋಣ. ಅವಳ ಕಣ್ಣು ಮಾತ್ರ ಬಲು ಚುರುಕು. ಬನ್ನಿ ಮಕ್ಕಳೇ, ಆ ನಡುಕದ ಬೆನ್ನು ಹತ್ತೋಣ.

ಮೊದಲು, ಕಾರಿನೊಳಗೆ ತಂಪು ಎಲ್ಲಿಂದ ಬರುತ್ತದೆ? ಇಂಜೆಕ್ಷನ್ ಕೊಡುವ ಮುಂಚೆ ನರ್ಸ್ ಅಕ್ಕ ತೋಳಿಗೆ ಸ್ಪಿರಿಟ್ ಒರೆಸುತ್ತಾರಲ್ಲ, ಆಗ ಹಾಯ್ ಅನ್ನಿಸುತ್ತದೆ. ಸ್ಪಿರಿಟ್ ಆವಿಯಾಗಿ ಹೋಗುವಾಗ ನಮ್ಮ ಚರ್ಮದ ಬಿಸಿಯನ್ನು ಜೊತೆಗೆ ಎತ್ತಿಕೊಂಡು ಹೋಗುತ್ತದೆ. ಎ.ಸಿ.ಯ ಕೊಳವೆಗಳಲ್ಲೂ ಬೇಗ ಆವಿಯಾಗುವ ಒಂದು ದ್ರವ ಇದೆ. ಅದು ಆವಿಯಾಗುತ್ತಾ ಕಾರಿನೊಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ.

ಹೀಗೆ ಆವಿಯಾದದ್ದನ್ನು ಮತ್ತೆ ದ್ರವ ಮಾಡಿದರೆ ತಾನೇ ಇನ್ನೊಂದು ಸುತ್ತು? ಅದಕ್ಕಾಗಿ ಆವಿಯನ್ನು ಬಲವಾಗಿ ಒತ್ತಬೇಕು. ಒತ್ತುವ ಯಂತ್ರದ ಹೆಸರು ಕಂಪ್ರೆಸರ್. ಸೈಕಲ್ಲಿಗೆ ಪಂಪು ಹೊಡೆದವರಿಗೆ ಗೊತ್ತು, ಗಾಳಿಯನ್ನು ಒತ್ತುವುದು ಎಷ್ಟು ತೋಳುನೋವಿನ ಕೆಲಸ ಅಂತ! ಪೆಟ್ರೋಲ್ ಕಾರಿನಲ್ಲಿ ಸಾಮಾನ್ಯವಾಗಿ ಈ ಕೆಲಸ ಇಂಜಿನ್ನಿನ ಹೆಗಲಿಗೆ ಬೀಳುತ್ತದೆ. ಹಿಟ್ಟಿನ ಗಿರಣಿಯಲ್ಲಿ ಮೋಟಾರು ಬೆಲ್ಟಿನಿಂದ ಕಲ್ಲನ್ನು ತಿರುಗಿಸುತ್ತದಲ್ಲ, ಹಾಗೆಯೇ ಇಂಜಿನ್ನು ಒಂದು ಬೆಲ್ಟಿನಿಂದ ಕಂಪ್ರೆಸರನ್ನು ತಿರುಗಿಸುತ್ತದೆ.

ಎ.ಸಿ. ಗುಂಡಿ ಒತ್ತಿದಾಗ ಹಲವು ಕಾರುಗಳಲ್ಲಿ "ಟಕ್" ಎಂಬ ಸದ್ದು ಕೇಳುತ್ತದೆ. ಹಳೇ ಸೈಕಲ್ಲಿನ ಡೈನಮೋ ನೆನಪಿಸಿಕೊಳ್ಳಿ. ಅದನ್ನು ಟೈರಿಗೆ ಒತ್ತಿ ನಿಲ್ಲಿಸಿದ ಕೂಡಲೇ ದೀಪ ಹತ್ತುತ್ತದೆ, ಪೆಡಲ್ಲೂ ಭಾರವಾಗುತ್ತದೆ. ಕಾರಿನಲ್ಲಿ ಆ ಕೆಲಸ ಮಾಡುವುದು ಕ್ಲಚ್ ಎಂಬ ಅಯಸ್ಕಾಂತದ ಬಿಲ್ಲೆ. ಅದು ಅಂಟಿಕೊಂಡರೆ ಕಂಪ್ರೆಸರ್ ತಿರುಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅಮೆರಿಕದ ಪ್ಯಾಕರ್ಡ್ ಕಂಪನಿ 1940ರ ತನ್ನ ಕಾರುಗಳಿಗೆ ಎ.ಸಿ. ಕೊಟ್ಟಾಗ ಈ ಕ್ಲಚ್ ಇರಲಿಲ್ಲ. ಕಂಪ್ರೆಸರ್ ನಿಲ್ಲಬೇಕೆಂದರೆ ಇಂಜಿನ್ ಆರಿಸಿ, ಬಾನೆಟ್ ಎತ್ತಿ, ಬೆಲ್ಟನ್ನೇ ಕಳಚಬೇಕಿತ್ತು!

ಈಗ ನಡುಕಕ್ಕೆ ಬರೋಣ. ಇಂಜಿನ್ನಿನೊಳಗೆ ಪೆಟ್ರೋಲು ಒಂದೇ ಸಮನೆ ಉರಿಯುವುದಿಲ್ಲ. ಢಬ್, ಢಬ್, ಢಬ್ ಎಂದು ಬಿಡಿಬಿಡಿಯಾಗಿ ಉರಿದು ತಳ್ಳುತ್ತದೆ. ಮೂರು ಸಿಲಿಂಡರಿನ ಸಣ್ಣ ಕಾರು ನಿಂತಲ್ಲೇ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಅನ್ನಿ. ಆಗ ಸೆಕೆಂಡಿಗೆ 20 ಢಬ್! ಎ.ಸಿ.ಯ ಭಾರ ಬಿದ್ದಾಗ ಒಂದೊಂದು ಢಬ್ಬೂ ಜೋರಾಗಬೇಕು. ರಾಗಿ ಬೀಸುವ ಕಲ್ಲನ್ನು ನಿಧಾನಕ್ಕೆ ತಿರುಗಿಸಿದರೆ ಕೈ ಎಳೆದೆಳೆದು ಬರುತ್ತದೆ, ಬೇಗ ತಿರುಗಿಸಿದರೆ ನಯವಾಗಿ ಓಡುತ್ತದೆ. ಅದಕ್ಕೇ ನಿಂತ ಕಾರಿನಲ್ಲಿ ನಡುಕ ಹೆಚ್ಚು. ಆರೋಗ್ಯವಂತ ಕಾರೂ "ಟಕ್" ಅಂದಾಗ ಒಮ್ಮೆ ಜುಂ ಅನ್ನಬಹುದು. ಕೂಡಲೇ ಇಂಜಿನ್ನಿಗೆ ಇನ್ನಷ್ಟು ಗಾಳಿ, ಪೆಟ್ರೋಲು ಹರಿದು ಬಂದು ಎಲ್ಲ ಸರಿಹೋಗುತ್ತದೆ. ಸರಿಹೋಗದೆ ನಡುಗುತ್ತಲೇ ಇದ್ದರೆ ಎಲ್ಲೋ ಏನೋ ಕೆಟ್ಟಿದೆ.

ಏನು ಕೆಟ್ಟಿದೆ ಅಂತ ಹುಡುಕಲು ಒಂದೇ ಸೂತ್ರ: ಒಂದು ಸಲಕ್ಕೆ ಒಂದನ್ನೇ ಬದಲಿಸು. ಸಾರು ಕೆಟ್ಟಿತೆಂದು ಉಪ್ಪು, ಹುಳಿ, ಖಾರ ಮೂರನ್ನೂ ಒಟ್ಟಿಗೆ ಸುರಿದರೆ ಯಾವುದು ಕಡಿಮೆ ಇತ್ತೆಂದು ತಿಳಿಯುವುದೇ ಇಲ್ಲ.

ಮನೆಗೆ ಬಂದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ನಾವು ಪರೀಕ್ಷೆಗೆ ಇಳಿದೆವು. ನಾನು ಸ್ಟಿಯರಿಂಗ್ ಮುಂದೆ, ಅವಳು ಪಕ್ಕದಲ್ಲಿ, ಬಾಟಲಿ ಅವಳ ತೊಡೆಯ ಮೇಲೆ. (ಇಂಜಿನ್ ಓಡುವಾಗ ಬಾನೆಟ್ಟಿನೊಳಗೆ ಕೈ ಹಾಕುವ ಹಾಗಿಲ್ಲ, ದೊಡ್ಡವರೂ ಅಷ್ಟೇ!)

ಮೊದಲು ಎ.ಸಿ. ಆರಿಸಿ, ಗಾಳಿಯ ಬ್ಲೋವರ್ ಮಾತ್ರ ಬಿಟ್ಟೆ. ನೀರು ಸುಮ್ಮನಿತ್ತು. ಹಾಗಾದರೆ ನಡುಕ ಬ್ಲೋವರಿನದಲ್ಲ, ಅದರೊಳಗೆ ಒಣಗಿದೆಲೆ ಏನೂ ಸಿಕ್ಕಿಕೊಂಡಿಲ್ಲ.

ಎ.ಸಿ. ಹಾಕಿದೆ. "ಟಕ್!" ನೀರು ನಡುಗಿತು.

ಇನ್ನು ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿದೆ. ಇಂಜಿನ್ನಿನ ಸುತ್ತು ತೋರಿಸುವ ಮುಳ್ಳು 1500ಕ್ಕೆ ಏರಿತು. ಅಲೆ ಮಾಯ! ನಮ್ಮ ಮುಖ್ಯ ಸುಳಿವು ಇದೇ. ಎ.ಸಿ. ಹಾಕಿದಾಗ ರೇಡಿಯೇಟರಿನ ಫ್ಯಾನೂ ತಿರುಗುತ್ತದೆ. ಅದರ ರೆಕ್ಕೆ ಮುರಿದಿದ್ದರೆ, ಸೊಟ್ಟ ರೆಕ್ಕೆಯ ಸೀಲಿಂಗ್ ಫ್ಯಾನ್ ಹೊಯ್ದಾಡುವಂತೆ ನಡುಕ ಬರಬಹುದಿತ್ತು. ಆದರೆ ನಮ್ಮ ಕಾರಿನ ಫ್ಯಾನ್ ಕರೆಂಟಿನಲ್ಲಿ ಓಡುವಂಥದ್ದು. ಇಂಜಿನ್ ಜೋರಾದರೂ ಅದರ ನಡುಕ ನಿಲ್ಲುತ್ತಿರಲಿಲ್ಲ.

ಉಳಿದವರು ಇಬ್ಬರು. ಒಂದು, ನಿಂತಾಗ ಇಂಜಿನ್ನಿಗೆ ಸರಿಯಾಗಿ ಉಸಿರಾಡಲು ಆಗುತ್ತಿಲ್ಲ. ಗಾಳಿಯ ದಾರಿಯಲ್ಲಿ ಮಸಿ ಕಟ್ಟಿರಬಹುದು, ಸ್ಪಾರ್ಕ್ ಪ್ಲಗ್ ಸವೆದಿರಬಹುದು. ಇನ್ನೊಂದು, ಇಂಜಿನ್ನನ್ನು ಕೂರಿಸಿರುವ ರಬ್ಬರು. ಅಮ್ಮನ ಮಿಕ್ಸಿಯನ್ನು ತಿರುಗಿಸಿ ನೋಡಿ, ಕೆಳಗೆ ರಬ್ಬರಿನ ಕಾಲುಗಳಿವೆ. ಒಂದು ಕಾಲು ಬಿದ್ದುಹೋದರೂ ಅಡುಗೆ ಕಟ್ಟೆಯ ಲೋಟಗಳೆಲ್ಲ ಗಲಗಲ ಅನ್ನುತ್ತವೆ. ಕಾರಿನಲ್ಲಿ ಅಂಥ ರಬ್ಬರನ್ನು ಇಂಜಿನ್ ಮೌಂಟಿಂಗ್ ಅನ್ನುತ್ತಾರೆ.

ಮೆಕ್ಯಾನಿಕ್ ಅಣ್ಣನಿಗೆ ಇಷ್ಟನ್ನೂ ಮೊಮ್ಮಗಳೇ ಒಪ್ಪಿಸಿದಳು. ಅವರು ಟಾರ್ಚ್ ಹಿಡಿದು ಬಗ್ಗಿ ನೋಡಿ, "ಬಾ ಪುಟ್ಟಿ" ಎಂದು ಕರೆದರು. ಕಪ್ಪು ರಬ್ಬರು ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು.

ಹೊಸ ರಬ್ಬರು ಬಂತು. ಮುಂದಿನ ವಾರ ಅದೇ ಗೇಟು, ಅದೇ ಬಿಸಿಲು, ಅದೇ ಬಾಟಲಿ. "ಟಕ್" ಅಂದಿತು. ನೀರು ಒಮ್ಮೆ ಮಿಸುಕಿ ಸುಮ್ಮನಾಯಿತು.

"ಅಜ್ಜ, ಅದಕ್ಕೆ ಚಳಿ ಆಗಿರಲಿಲ್ಲ" ಅಂದಳು. "ಮಂಡಿನೋವು!"