ಸಾರ್ವಜನಿಕ ಕಾಮಗಾರಿಗಳೂ ಕೂಲಿಯ ನ್ಯಾಯವೂ

(ಲಕ್ಕೂರಿನಲ್ಲಿ ಮಾಡಿದ ಭಾಷಣ)



ಈ ಲಕ್ಕೂರು ಹೋಬಳಿಯು ಕೆರೆಗಳ ಸೀಮೆಗೆ ಸೇರಿದುದು. ಕೆರೆಯ ಏರಿ, ತೂಬು, ರಸ್ತೆ, ಶಾಲೆಯ ಕೊಠಡಿ ಇವೆಲ್ಲವೂ ಸಾರ್ವಜನಿಕರ ಹಣದಿಂದಲೂ ಕೂಲಿಯವರ ಬೆವರಿನಿಂದಲೂ ಆಗತಕ್ಕವು. ಹಣವು ನಮ್ಮದಾದ ಮೇಲೆ ಆ ಬೆವರಿಗೆ ತಕ್ಕ ಬೆಲೆ ಸಲ್ಲಿಸುವ ಹೊಣೆಯೂ ನಮ್ಮದೇ. ಈ ದಿನ ನಾವು ತಮ್ಮಲ್ಲಿ ಬಿನ್ನವಿಸುವ ವಿಷಯವು ಇದೇ.

ಅತಿ ಕಡಿಮೆ ದರ ಬರೆದವನಿಗೆ ಗುತ್ತಿಗೆ ಕೊಡುವುದು ರೂಢಿ. ಮಾಲೂರಿನ ಇಟ್ಟಿಗೆಗೆ ಪೇಟೆಯಲ್ಲಿ ಒಂದು ಧಾರಣೆಯುಂಟು. ಸಿಮೆಂಟಿಗೂ ಕಬ್ಬಿಣಕ್ಕೂ ಹಾಗೆಯೇ. ಇವುಗಳಲ್ಲಿ ಗುತ್ತಿಗೆದಾರನು ಹೆಚ್ಚೇನೂ ಉಳಿಸಲಾರನು. ಕಡಿತವು ಕಡೆಗೆ ಬೀಳುವುದು ಎದುರಾಡಲಾರದ ಕೂಲಿಯವನ ಮೇಲೆ. ಇದನ್ನರಿತೇ ಇಂಗ್ಲೆಂಡಿನ ಕಾಮನ್ಸ್ ಸಭೆಯು 1891ರಲ್ಲಿ, ಸರಕಾರದ ಗುತ್ತಿಗೆಗಳಲ್ಲಿ ಆಯಾ ಕಸುಬಿಗೆ ರೂಢಿಯಲ್ಲಿರುವ ಕೂಲಿಯು ಸಲ್ಲಬೇಕೆಂದು ಠರಾವು ಮಾಡಿತು. ಅಮೆರಿಕವು 1931ರಲ್ಲಿ ತನ್ನ ಕೇಂದ್ರ ಸರಕಾರದ ಕಟ್ಟಡಗಳ ಕೆಲಸಕ್ಕೆ ಆಯಾ ಸ್ಥಳದಲ್ಲಿ ನಡೆಯುವ ಕೂಲಿಗಿಂತ ಕಡಿಮೆ ಕೊಡಕೂಡದೆಂದು ಕಾಯಿದೆ ಮಾಡಿತು.

ನಮ್ಮ ದೇಶದಲ್ಲಿ ಕನಿಷ್ಠ ಕೂಲಿಯ ಕಾಯಿದೆಯು 1948ರಲ್ಲಿಯೇ ಬಂದಿತು. ಆದರೂ ರಾಜಸ್ಥಾನದ ಸರಕಾರವು ಬರಗಾಲದ ಕಾಮಗಾರಿಗಳನ್ನು ಅದರಿಂದ ಹೊರಗಿಟ್ಟು, ರಸ್ತೆಗೆ ದುಡಿದ ಹೆಂಗಸರಿಗೆ ಕಡಿಮೆ ಕೂಲಿ ಕೊಟ್ಟಿತು. ಜನರು ಒಪ್ಪಿಯೇ ಬಂದರಲ್ಲವೇ ಎಂದು ಕೆಲವರು ಕೇಳಬಹುದು. ಹಸಿವೂ ಒಂದು ಬಲವಂತವೇ. 1983ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಹೀಗೆ ದುಡಿಸುವುದು ಸಂವಿಧಾನದ 23ನೆಯ ಅನುಚ್ಛೇದಕ್ಕೆ ವಿರೋಧವೆಂದು ತೀರ್ಪಿತ್ತಿತು. ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವೂ 2011ರಲ್ಲಿ, ಗ್ರಾಮೀಣ ಉದ್ಯೋಗ ಖಾತರಿಯ ಕೆಲಸಕ್ಕೆ ರಾಜ್ಯದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡಲಾಗದೆಂದು ಹೇಳಿತು.

ವಕೀಲರಾದ ನಾವು ಒಂದನ್ನು ಬಲ್ಲೆವು: ತೀರ್ಪು ಪುಸ್ತಕದಲ್ಲಿಯೇ ಉಳಿದರೆ ಕೂಲಿಯು ಕೈಗೆ ಬಾರದು. 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಕರಾರಿನ ನಕಲನ್ನೂ ಹಾಜರಿ ಪಟ್ಟಿಯನ್ನೂ ಕೇಳುವ ಅಧಿಕಾರವು ತಮಗುಂಟು. ಅಕ್ಷರ ಬಲ್ಲ ತಾವು ಅವುಗಳನ್ನು ಪಡೆದು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿರಿ. ಬರೆದ ಕೂಲಿಯು ಸಂದಿತೇ ಎಂದು ದುಡಿದವರನ್ನೇ ಕೇಳಿರಿ.

ಕೆರೆ ಕಟ್ಟಿಸಿದವರನ್ನು ನಮ್ಮ ಶಾಸನಗಳು ಪುಣ್ಯವಂತರೆಂದು ಹೊಗಳುತ್ತವೆ. ಮಣ್ಣು ಹೊತ್ತವರ ಕೂಲಿಯನ್ನು ಕಸಿದು ಕಟ್ಟಿದ ಕೆರೆಯಲ್ಲಿ ನೀರು ನಿಂತೀತು, ಪುಣ್ಯವು ನಿಲ್ಲದು.